ಸೆವೆರೊ ಮೇಸ್ತ್ರಿ ಮತ್ತು ರೊಸೌರಾಳ ಮುನಿಸು

ಬೆಟ್ಟಸೀಮೆಯ ಚಳಿಯೂರು ಎಲ್ ಆಲ್ಟೋದ ಆ ಶಾವಿಗೆ ಕಾರ್ಖಾನೆಯಲ್ಲಿ ಸೆವೆರೊ ಚಿಪಾನಾನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮಾಲೀಕನವರೆಗೆ ಎಲ್ಲರಿಗೂ ಅವನು ಮೇಸ್ತ್ರಿ. ಕರೆಂಟಿನ ಮೇಲೆ ನಡೆಯುವ ಯಾವ ಯಂತ್ರ ಕೈಕೊಟ್ಟರೂ ಅವನಿಗೆ ಕೂಗು ಬೀಳುತ್ತಿತ್ತು. ಅದು ಸಂಬಳದ ಕೆಲಸ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೇಳಬೇಕಾದದ್ದು ಏನೆಂದರೆ, ಕರೆಯದಿದ್ದರೂ ಅವನು ಹೋಗಿಬಿಡುತ್ತಿದ್ದ. ಪಕ್ಕದ ಮನೆಯ ಅಣ್ಣತಮ್ಮಂದಿರು ಗೋಡೆಯ ವಿಷಯಕ್ಕೆ ಮಾತು ಬಿಟ್ಟಿದ್ದಾರೆಂದು ಗೊತ್ತಾದರೆ ಸಾಕು, ಸಂಜೆ ಇವನು ಎರಡೂ ಮನೆಯ ಬಾಗಿಲು ತಟ್ಟುವವನು. ಮಿನಿಬಸ್ಸಿನಲ್ಲಿ ಯಾರೋ ಯಾರನ್ನೋ ಗದರಿದರೆ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಳ್ಳುವವನು. ಹೆಂಡತಿ ಹಸಿಂತಾ ಇದರಿಂದ ರೋಸಿಹೋಗಿದ್ದಳು.

"ಎಲ್ಲಾ ಕಡೆ ಮೂಗು ತೂರಿಸ್ತೀಯಲ್ಲ, ಯಾರಾದ್ರೂ ಬಾಗಿಲು ಹಾಕ್ಕೊಂಡ್ರೆ ಮೂಗು ಅಲ್ಲೇ ಉಳಿಯುತ್ತೆ ನೋಡು," ಅನ್ನುತ್ತಿದ್ದಳು.

"ಕೆಟ್ಟಿರೋದನ್ನ ನೋಡ್ಕೊಂಡು ಸುಮ್ನಿರೋಕೆ ನನ್ ಕೈಲಾಗಲ್ಲ ಕಣೆ."

"ಕೆಟ್ಟಿದೆ ಅಂತ ಯಾರು ಹೇಳಿದ್ರು ನಿನಗೆ?"

ಆಗ ಅವನು ರೇಡಿಯೋದ ಸದ್ದು ಜಾಸ್ತಿ ಮಾಡುತ್ತಿದ್ದ.

ಅವನು ಕಸುಬು ಕಲಿತದ್ದು ಒರುರೋ ಕಡೆಯ ತವರದ ಗಣಿಯಲ್ಲಿ. ಅದಿರಿನ ಬಂಡಿಗಳನ್ನು ಎಳೆಯುವ ಬ್ಯಾಟರಿ ಇಂಜಿನ್ನುಗಳ ಹೊಟ್ಟೆಯೊಳಗೇ ಅವನ ಹರೆಯ ಕಳೆಯಿತು. ಗಣಿ ಮುಚ್ಚಿದಾಗ ಉಳಿದವರ ಹಾಗೆ ಅವನೂ ಹಾಸಿಗೆ ಸುತ್ತಿಕೊಂಡು ಎಲ್ ಆಲ್ಟೋಗೆ ಬಂದ. ಇಟ್ಟಿಗೆ ಹೊತ್ತ, ರೇಡಿಯೋ ರಿಪೇರಿ ಮಾಡಿದ, ಕೊನೆಗೆ ಈ ಕಾರ್ಖಾನೆ ಸೇರಿದ. ಯಂತ್ರ ಸುಮ್ಮಸುಮ್ಮನೆ ನಿಲ್ಲುವುದಿಲ್ಲ, ನಿಲ್ಲಿಸಿದ್ದು ಏನೋ ಇದ್ದೇ ಇರುತ್ತದೆ, ತಾಳ್ಮೆಯಿಂದ ಹುಡುಕಿದವನಿಗೆ ಸಿಕ್ಕೇ ಸಿಗುತ್ತದೆ ಎಂಬುದು ಗಣಿಯಲ್ಲಿ ಅವನ ತಲೆಗೆ ಹತ್ತಿದ ಮಾತು. ಮನುಷ್ಯರ ವಿಷಯದಲ್ಲೂ ಅವನು ಇದನ್ನೇ ನಂಬಿದ್ದ. ತೊಂದರೆ ಇದ್ದದ್ದು ಅಲ್ಲೇ.

ಕಾರ್ಖಾನೆಯ ಯಂತ್ರಗಳಲ್ಲೆಲ್ಲ ಅವನಿಗೆ ಮುದ್ದಿನದು ರೊಸೌರಾ. ಅದು ಬ್ಯಾಟರಿಯಿಂದ ಓಡುವ ಫೋರ್ಕ್‌ಲಿಫ್ಟ್. ಸೆಕೆಂಡ್‌ಹ್ಯಾಂಡ್ ಮಾಲು, ಬಣ್ಣ ಮಾಸಿದ ಹಳದಿ. ಬಂದ ವಾರವೇ ಹೂವು ಹಾಕಿ, ಬಿಯರ್ ಒಡೆದು ನಾಮಕರಣ ಮಾಡಿದ್ದರು, ಧರ್ಮತಂದೆಯಾಗಿ ನಿಂತವನು ಸೆವೆರೊ. ಹಿಟ್ಟಿನ ಚೀಲ, ಶಾವಿಗೆಯ ಪೆಟ್ಟಿಗೆ ಎಲ್ಲವನ್ನೂ ಹೊತ್ತು ಅಂಗಳದಿಂದ ಹಿಟ್ಟು ಕಲಸುವಲ್ಲಿಗೆ, ಒಣಗಿಸುವ ಕೋಣೆಯಿಂದ ಲಾರಿಗೆ ಎಂದು ಅದು ದಿನವಿಡೀ ಓಡಾಡಬೇಕು. ಹೊಗೆ ಬಿಡುವ ಗ್ಯಾಸ್ ಯಂತ್ರವನ್ನು ಶಾವಿಗೆ ಒಣಗುವಲ್ಲಿಗೆ ಬಿಡುವ ಹಾಗಿಲ್ಲ. ಹಾಗಾಗಿ ರೊಸೌರಾ ನಿಂತಿತೆಂದರೆ ಕಾರ್ಖಾನೆಯೇ ಅರ್ಧ ನಿಂತ ಹಾಗೆ.

ಮಧ್ಯಾಹ್ನದ ಪಾಳಿಯಲ್ಲಿ ಅದನ್ನು ಓಡಿಸುತ್ತಿದ್ದವನು ಸೆಲೆಡೋನಿಯೊ ಪೋಮಾ, ಕೆನ್ನೆಯಲ್ಲಿ ಸದಾ ಕೋಕಾ ಎಲೆ ಇಟ್ಟುಕೊಂಡ ಹಳೇ ಹುಲಿ. ಬೆಳಗಿನ ಪಾಳಿ ನೆಮೆಸಿಯಾ ಅಲನೋಕಾಳದು. ನೆಮೆಸಿಯಾ ಮೊದಲು ಪ್ಯಾಕಿಂಗ್ ಮೇಜಿನಲ್ಲಿ ಶಾವಿಗೆ ಪೊಟ್ಟಣ ಕಟ್ಟುತ್ತಿದ್ದವಳು. ಗಂಡ ಬ್ರೆಜಿಲಿಗೆ ಹೊಲಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಬೇರೆ ಮನೆ ಮಾಡಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅವಳು ಪೊಟ್ಟಣ ಕಟ್ಟೀ ಕಟ್ಟೀ ಮಣಿಕಟ್ಟು ಊದಿಸಿಕೊಂಡಿದ್ದಳು. ಫೋರ್ಕ್‌ಲಿಫ್ಟ್ ಕಲಿಯುತ್ತೇನೆ ಎಂದು ಅವಳು ಬಾಯಿಬಿಟ್ಟು ಕೇಳಿದಾಗ ನಗದೆ ಇದ್ದವನು ಸೆವೆರೊ ಒಬ್ಬನೇ. ಶನಿವಾರದ ಮಧ್ಯಾಹ್ನಗಳಲ್ಲಿ ಖಾಲಿ ಅಂಗಳದಲ್ಲಿ ಅವಳಿಗೆ ಹಿಂದೆ ಮುಂದೆ, ಎತ್ತು ಇಳಿಸು ಎಲ್ಲ ಹೇಳಿಕೊಟ್ಟ. ಲೈಸೆನ್ಸ್ ಕೈಗೆ ಬಂದ ದಿನ ಅವಳು ಅವನ ವರ್ಕ್‌ಶಾಪಿಗೆ ಬೇಯಿಸಿದ ಆಲೂಗಡ್ಡೆ, ಗಿಣ್ಣು ತಂದಿದ್ದಳು. ಅವತ್ತಿನಿಂದ ಇಬ್ಬರ ಬುತ್ತಿಯೂ ಅಲ್ಲೇ ಬಿಚ್ಚುತ್ತಿತ್ತು. ಆ ಸೀಟಿನ ಮೇಲೆ ಕುಳಿತಾಗ ತನ್ನ ಬದುಕಿನಲ್ಲಿ ಮೊದಲ ಸಲ ಎತ್ತರದಿಂದ ನೋಡುತ್ತಿದ್ದೇನೆ ಅನ್ನಿಸುತ್ತದೆ ಎಂದು ಅವಳು ಒಮ್ಮೆ ಅವನಿಗೆ ಹೇಳಿದ್ದಳು.

ಅವಳು ಸೆಂಕಾಟಾ ಕಡೆಯ ಒಂದು ಪ್ರಾರ್ಥನಾ ಸಭೆಗೆ ಸೇರಿದವಳು. ಕುಡಿತವಿಲ್ಲ, ಕುಣಿತವಿಲ್ಲ, ಚಾಲ್ಯಾ ಅಂತೂ ಇಲ್ಲವೇ ಇಲ್ಲ. ಉಳಿದವರಿಗೋ ಚಾಲ್ಯಾ ಇಲ್ಲದೆ ವರ್ಷವೇ ಶುರುವಾಗುವುದಿಲ್ಲ. ಕಾರ್ನಿವಲ್ ಹಬ್ಬದ ಮುಂಚಿನ ಶುಕ್ರವಾರ ಕಾರ್ಖಾನೆಯ ಯಂತ್ರಗಳಿಗೆಲ್ಲ ಬಣ್ಣದ ಕಾಗದದ ಸುರುಳಿ ಸುತ್ತಿ, ಹೂವಿನ ಪಕಳೆ ತೂರಿ, ಭೂಮಿತಾಯಿ ಪಾಚಮಾಮಾಳ ಪಾಲೆಂದು ಮದ್ಯ ಚಿಮುಕಿಸುತ್ತಾರೆ. ಚಕ್ರಕ್ಕೊಂದಿಷ್ಟು, ಕಬ್ಬಿಣದ ತೋಳಿಗೊಂದಿಷ್ಟು, ಉಳಿದದ್ದು ಸುರಿಯುವವನ ಗಂಟಲಿಗೆ. ಸೆವೆರೊ ಮಾತ್ರ ಬ್ಯಾಟರಿಯ ತಂತಿ ಬಿಚ್ಚಿಟ್ಟು, ಸೀಟು ಎತ್ತಿ, ಮೋಟರಿಗೆ ಕರೆಂಟು ಅಳೆದು ಬಿಡುವ ಕಂಟ್ರೋಲರಿನ ಮೇಲೆ ಒಂದು ಮುಚ್ಚಳ ಶುದ್ಧ ಸ್ಪಿರಿಟ್ ಚಿಮುಕಿಸುತ್ತಿದ್ದ. ಸ್ಪಿರಿಟ್ ಕಣ್ಣ ಮುಂದೆಯೇ ಆರಿಹೋಗುತ್ತದೆ, ಅಮ್ಮನಿಗೂ ಸಮಾಧಾನ, ತಾಮ್ರಕ್ಕೂ ತೊಂದರೆಯಿಲ್ಲ.

ನೆಮೆಸಿಯಾ ಸೀಟಿಗೆ ಬಂದ ಮೇಲಿನ ಮೊದಲ ಚಾಲ್ಯಾ ಅದು. ಬ್ಯಾಂಡು ಬಾರಿಸುತ್ತಿತ್ತು, ಅಂಗಳದಲ್ಲಿ ಕುರಿಮಾಂಸ ಬೇಯುತ್ತಿತ್ತು. ಅವಳು ಗೇಟಿನ ಹತ್ತಿರ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದಳು.

"ಏನು ಹಲ್ಲೆಲೂಯಾ, ಬೆಳಿಗ್ಗೆಯೆಲ್ಲ ಅದರ ಬೆನ್ನ ಮೇಲೆ ಕೂರೋಳು ನೀನು, ಕುಡಿಸೋದು ಮಾತ್ರ ನಾವಾ?" ಎಂದು ಸೆಲೆಡೋನಿಯೊ ಅವಳ ಸಭೆಯನ್ನು ಆಡಿಕೊಂಡು ಕೂಗಿದ.

"ನಾನು ಸುರಿಯಲ್ಲ ಅಣ್ಣ. ನೀವು ಮಾಡ್ಕೊಳ್ಳಿ, ನಂದೇನೂ ಅಡ್ಡಿಯಿಲ್ಲ."

ಅವಳ ದನಿಯಲ್ಲಿ ಬಿಸಿಯಿರಲಿಲ್ಲ. ಸೆಲೆಡೋನಿಯೊ ಭುಜ ಕುಣಿಸಿ ತಟ್ಟೆಯ ಕಡೆ ತಿರುಗಿಯೂ ಆಗಿತ್ತು. ಮಾತು ಅಲ್ಲಿಗೇ ಮುಗಿದಿತ್ತು. ಆದರೆ ನಮ್ಮ ಮೇಸ್ತ್ರಿಗೆ ಅದು ಮುಗಿದ ಹಾಗೆ ಕಾಣಲಿಲ್ಲ. ಹುಡುಗಿ ಒಬ್ಬಳೇ ನಿಂತಿದ್ದಾಳೆ, ನಾಳೆ ಇವರು ಆಡಿಕೊಳ್ಳುತ್ತಾರೆ, ಇದನ್ನು ಈಗಲೇ ಸರಿಮಾಡಬೇಕು ಎಂದುಕೊಂಡ. ಮೇಜಿನ ಮೇಲಿದ್ದ ಕಿತ್ತಳೆ ಸೋಡಾದ ಬಾಟಲಿ ತೆಗೆದುಕೊಂಡು ಅವಳ ಹತ್ತಿರ ಹೋದ.

"ನೋಡಮ್ಮ, ಇದ್ರಲ್ಲಿ ಮದ್ಯ ಇಲ್ಲ. ಮಕ್ಕಳು ಕುಡಿಯೋದು. ನೀನು ಕಾಲಿಡೋ ಜಾಗಕ್ಕೆ ಒಂದಿಷ್ಟು ಸುರಿದುಬಿಡು, ಇವರ ಬಾಯಿಗೆ ಬೀಗ ಬೀಳುತ್ತೆ."

"ಮದ್ಯದ ಮಾತಲ್ಲ ಮೇಸ್ತ್ರಿ."

"ಸೋಡಾಗೆಲ್ಲ ಮುನಿಸ್ಕೊಳ್ಳೋಕೆ ನಿನ್ನ ದೇವರೇನು ಅಷ್ಟು ಸಣ್ಣ ಮನಸ್ಸಿನೋನಾ? ನಾನು ಹೇಳ್ತಿದ್ದೀನಿ ತಾನೇ, ಸುರಿ."

ಅವಳು ಅವನ ಮುಖ ನೋಡಿದಳು. ಈ ಮನುಷ್ಯ ಹೇಳಿಕೊಡದಿದ್ದರೆ ತಾನು ಇನ್ನೂ ಪೊಟ್ಟಣ ಕಟ್ಟುತ್ತಿರುತ್ತಿದ್ದೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಬಾಟಲಿ ತೆಗೆದುಕೊಂಡು ನೇರ ರೊಸೌರಾ ಹತ್ತಿರ ಹೋಗಿ, ಒಮ್ಮೆ ಮುಗಿದರೆ ಸಾಕು ಎನ್ನುವಂತೆ ಕಾಲಡಿಯ ತಗಡಿನ ಮೇಲೆ ಬಗ್ಗಿಸಿಬಿಟ್ಟಳು. ಬೇಕಾದದ್ದಕ್ಕಿಂತ ಹೆಚ್ಚೇ ಬಿತ್ತು. ಗಂಡಸರು ಚಪ್ಪಾಳೆ ತಟ್ಟಿದರು. ಒಂದು ಜಗಳ ತಪ್ಪಿಸಿದೆ ಎಂದು ಸೆವೆರೊ ಅವತ್ತು ಹೊಟ್ಟೆ ತುಂಬ ಉಂಡ.

ಹಬ್ಬದ ರಜೆ ಮುಗಿದು ಕೆಲಸ ಶುರುವಾದ ಮೇಲೆ ರೊಸೌರಾ ನಿಲ್ಲತೊಡಗಿತು. ಅದೂ ಬೆಳಗಿನ ಪಾಳಿಯಲ್ಲಿ ಮಾತ್ರ. ಒಣಗಿಸುವ ಕೋಣೆಗೆ ಹೋಗಿ ಒಂದಷ್ಟು ಹೊತ್ತಾಗುತ್ತಿದ್ದಂತೆ ಕೆಂಪು ದೀಪ ಮಿಟುಕಿಸಿ ಗಕ್ಕನೆ ನಿಂತುಬಿಡುವುದು. ಕೀಲಿ ತಿರುಗಿಸಿ ಮತ್ತೆ ಹಚ್ಚಿದರೂ ಮಿಸುಕುತ್ತಿರಲಿಲ್ಲ. ಆಮೇಲೆ ತನಗೆ ತೋಚಿದಾಗ ಏನೂ ಆಗಿಲ್ಲವೆಂಬಂತೆ ಹೊರಡುವುದು. ಮಧ್ಯಾಹ್ನ ಸೆಲೆಡೋನಿಯೊ ಹತ್ತಿದರೆ ಸಂಜೆಯವರೆಗೆ ಒಂದು ಸಲವೂ ತಡವರಿಸುತ್ತಿರಲಿಲ್ಲ.

ಇನ್ನು ಕೇಳಬೇಕೆ? ಗಾಳಿಮಾತು ಹಿಟ್ಟಿನ ಧೂಳಿಗಿಂತ ಬೇಗ ಹರಡಿತು. ಅಮ್ಮನಿಗೆ ಕೊಡುವುದನ್ನು ಕೊಡದೆ ಸೋಡಾ ಕುಡಿಸಿದರೆ ಅವಳು ಸುಮ್ಮನಿರುತ್ತಾಳೆಯೇ ಎಂದರು. ರೊಸೌರಾಳಿಗೆ ಇನ್ನೊಂದು ಹೆಣ್ಣು ಕಂಡರೆ ಹೊಟ್ಟೆಕಿಚ್ಚು ಎಂದರು. ಲಾರಿಯವರು ಕಾದು ಕಾದು ಹಾರನ್ ಬಾರಿಸಿದಾಗಲೆಲ್ಲ ಯಾರಾದರೊಬ್ಬರು, "ಹಲ್ಲೆಲೂಯಾ, ನಿನ್ನ ದೇವರಿಗೆ ಸ್ವಲ್ಪ ತಳ್ಳೋಕೆ ಹೇಳಮ್ಮ," ಅನ್ನುವರು. ನೆಮೆಸಿಯಾ ಸ್ಟಿಯರಿಂಗ್ ಹಿಡಿದು ತಲೆ ತಗ್ಗಿಸಿ ಕಾಯುತ್ತಿದ್ದಳು.

ಸೂಪರ್‌ವೈಸರ್ ಫ್ರೊಯ್ಲಾನ್ ಟಿಕೋನಾ ಕೆಟ್ಟವನಲ್ಲ. ಪಾಚಮಾಮಾಳ ಮುನಿಸನ್ನು ಅವನು ನಂಬಿದನೋ ಇಲ್ಲವೋ, ಲಾರಿಯವರ ಮುನಿಸನ್ನಂತೂ ನಂಬಲೇಬೇಕಿತ್ತು. ಒಂದು ದಿನ ಸೆವೆರೊನನ್ನು ಪಕ್ಕಕ್ಕೆ ಕರೆದ.

"ಮೇಸ್ತ್ರಿ, ಪವಿತ್ರ ವಾರದ ಹಬ್ಬದವರೆಗೆ ನೋಡ್ತೀನಿ, ಇನ್ನೊಂದು ತಿಂಗಳು. ಅಷ್ಟರೊಳಗೆ ಸರಿಹೋಗಲಿಲ್ಲ ಅಂದ್ರೆ ಅವಳು ವಾಪಸ್ ಪ್ಯಾಕಿಂಗ್ ಮೇಜಿಗೆ. ಬೆಳಗಿನ ಪಾಳಿಗೂ ಗಂಡಸರನ್ನೇ ಹಾಕ್ತೀನಿ."

"ಯಂತ್ರ ಕೆಟ್ಟರೆ ಅವಳನ್ಯಾಕೆ ತೆಗೀತೀರಿ?"

"ಅವಳು ಕೂತಾಗ ಮಾತ್ರ ಕೆಡೋ ಯಂತ್ರಕ್ಕೆ ನಾನೇನು ಅಂತ ಹೆಸರಿಡಲಿ ಹೇಳಿ."

ಸೆವೆರೊಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆ ಸೀಟು ಹೋದರೆ ಅವಳಿಗೆ ಇನ್ನೊಂದು ಸಿಗುವುದಿಲ್ಲ.

ಹಾಗೆಂದು ಅವನು ಕೈಕಟ್ಟಿ ಕೂತಿರಲಿಲ್ಲ. ಮೊದಲ ವಾರವೇ ಬ್ಯಾಟರಿ ನೋಡಿದ್ದ, ಪ್ರತಿ ಕೋಶದ ನೀರೂ ವೋಲ್ಟೂ ಸರಿಯಿತ್ತು. ದಪ್ಪ ತಂತಿಗಳ ಬಿಗಿ ನೋಡಿದ, ಫ್ಯೂಸ್ ನೋಡಿದ. ಸೀಟಿನ ಕೆಳಗಿನ ಸ್ವಿಚ್ ನೋಡಿದ. ಚಾಲಕ ಎದ್ದರೆ ಯಂತ್ರ ನಿಲ್ಲಿಸುವ ಸ್ವಿಚ್ ಅದು, ನೆಮೆಸಿಯಾ ಹಗುರ ಮೈಯವಳು, ಅದಕ್ಕೇ ಇರಬಹುದೆಂದು ಆಸೆಪಟ್ಟಿದ್ದ. ಅದೂ ಅಲ್ಲ. ಕಂಟ್ರೋಲರ್ ತೋರಿಸುತ್ತಿದ್ದ ದೋಷದ ಸಂಖ್ಯೆ ಪ್ರತಿ ಸಲವೂ ಒಂದೇ, ಪೆಡಲಿನದು. ಕಾಲು ಪೆಡಲಿನ ಮೇಲೆ ಇಲ್ಲದಿದ್ದಾಗಲೂ ಒತ್ತಿದೆ ಎಂಬ ಸುದ್ದಿ ಬಂದರೆ ಕಂಟ್ರೋಲರ್ ಮೋಟರಿಗೆ ಕರೆಂಟು ಬಿಡುವುದಿಲ್ಲ. ಬಿಟ್ಟರೆ ಯಂತ್ರ ತಾನಾಗಿ ಹೊರಟು ಯಾರ ಮೇಲಾದರೂ ಹತ್ತಬಹುದು. ಆದ್ದರಿಂದ ಸಂದೇಹ ಬಂದ ಕ್ಷಣ ನಿಲ್ಲಿಸಿಬಿಡುತ್ತದೆ.

ಗೋದಾಮಿನ ಮೂಲೆಯಲ್ಲಿ ಬಿಡಿಭಾಗಕ್ಕೆಂದು ಇಟ್ಟುಕೊಂಡಿದ್ದ ಸತ್ತ ಯಂತ್ರದ ಪೆಡಲ್ ತೆಗೆದು ಹಾಕಿದ. ಮರುದಿನ ಬೆಳಿಗ್ಗೆ ರೊಸೌರಾ ನಿಂತಿತು. ಅದರ ಕಂಟ್ರೋಲರನ್ನೇ ತೆಗೆದು ಹಾಕಿದ. ಮತ್ತೆ ನಿಂತಿತು. ವರ್ಕ್‌ಶಾಪಿಗೆ ಎಳೆತರಿಸಿ ಮೀಟರ್ ಹಚ್ಚಿದರೆ ಎಲ್ಲವೂ ಅಚ್ಚುಕಟ್ಟು, ಪೆಡಲ್ ಒತ್ತಿದಷ್ಟೇ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ವೈದ್ಯರ ಮುಂದೆ ಕೂತಾಗ ಮಾಯವಾಗುವ ಹೊಟ್ಟೆನೋವಿನ ಹಾಗೆ. ಅವನು ಊಟದಲ್ಲೂ ಅದನ್ನೇ ಮೆಲುಕು ಹಾಕುತ್ತಿದ್ದ. ಹಸಿಂತಾ ಬಟ್ಟಲು ಅವನ ಮುಂದೆ ಕುಕ್ಕಿ, "ಆ ರೊಸೌರಾಳನ್ನೇ ಮದುವೆ ಆಗ್ಬೇಕಿತ್ತು ನೀನು," ಅಂದಳು. "ಅವಳು ನಿಂತಲ್ಲಿಗೆ ನೀನು ಹೋಗ್ಬೇಕೋ, ನಿನ್ನ ಮನೆಗೆ ಅವಳು ಬರ್ಬೇಕೋ?"

ಸಾರಿನ ಚಮಚ ಬಾಯಿಗಿಡುತ್ತಿದ್ದವನು ಹಾಗೇ ನಿಂತ. ಹೌದಲ್ಲ. ತಾನು ಯಾವಾಗಲೂ ಅದನ್ನು ವರ್ಕ್‌ಶಾಪಿನ ಬೆಚ್ಚಗಿನ ಒಣ ನೆಲಕ್ಕೆ ತರಿಸಿಕೊಂಡೇ ನೋಡಿದ್ದೆ. ನಿಲ್ಲುವ ಜಾಗದಲ್ಲಿ, ನಿಲ್ಲುವ ಹೊತ್ತಿನಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಪವಿತ್ರ ವಾರ ಹತ್ತಿರವಾಗಿತ್ತು. ಮರುದಿನ ಬೆಳಕು ಹರಿಯುವ ಮುಂಚೆಯೇ ಅವನು ಕಾರ್ಖಾನೆಯಲ್ಲಿದ್ದ. ರಾತ್ರಿಯೆಲ್ಲ ಅಂಗಳದ ಚಾರ್ಜರ್ ಹತ್ತಿರ ನಿಂತ ರೊಸೌರಾಳ ಕಬ್ಬಿಣ ಮುಟ್ಟಿದರೆ ಬೆರಳು ಅಂಟಿಕೊಳ್ಳುವಷ್ಟು ತಣ್ಣಗಿತ್ತು. ಪೆಡಲಿನಿಂದ ಹೋಗುವ ತಂತಿಗೆ ಮೀಟರ್ ಸಿಕ್ಕಿಸಿ, ಮೀಟರನ್ನು ಸೀಟಿನ ಪಕ್ಕಕ್ಕೆ ಹಗ್ಗದಿಂದ ಕಟ್ಟಿದ.

"ನೀನು ದಿನಾ ಹ್ಯಾಗೆ ಮಾಡ್ತೀಯೋ ಹಾಗೇ ಮಾಡು. ನಾನಿದ್ದೀನಿ ಅಂತ ಮರೆತುಬಿಡು," ಎಂದ ನೆಮೆಸಿಯಾಗೆ.

"ಇವತ್ತೂ ನಿಂತರೆ ನೀವೇನು ಮಾಡ್ತೀರಿ ಮೇಸ್ತ್ರಿ?"

"ನಿಲ್ಲಲಿ ಅಂತಾನೇ ಬಂದಿದ್ದೀನಿ."

ಅವಳು ನಗಲಿಲ್ಲ. ಖಾಲಿ ಪೆಟ್ಟಿಗೆಗಳನ್ನು ಹೊತ್ತು ಒಣಗಿಸುವ ಕೋಣೆಯ ರಬ್ಬರ್ ಪರದೆ ದಾಟಿದಳು, ಸೆವೆರೊ ಪಕ್ಕದಲ್ಲೇ ನಡೆದ. ಒಳಗೆ ಸಾವಿರಾರು ಕೋಲುಗಳಿಗೆ ಶಾವಿಗೆ ಜೋತುಬಿದ್ದಿತ್ತು, ಬೆಚ್ಚಗಿನ ಹಬೆ ಕನ್ನಡಕದ ಮೇಲೆ ಕೂತು ಅವನಿಗೆ ಏನೂ ಕಾಣದಾಯಿತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಒರೆಸುತ್ತಾ ರೊಸೌರಾಳ ಮೈ ನೋಡಿದ. ತಣ್ಣಗಿನ ಕಬ್ಬಿಣದ ಮೇಲೆಲ್ಲ ಸಣ್ಣ ಸಣ್ಣ ಹನಿಗಳು ಮೂಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಬೆಚ್ಚಗಾಗಿರುತ್ತದೆ, ಸೆಲೆಡೋನಿಯೊ ಹತ್ತುವಾಗ ಹನಿ ಕೂರುವುದಿಲ್ಲ. ಬೆಳಿಗ್ಗೆ ಮಾತ್ರ, ಅವಳ ಪಾಳಿಯಲ್ಲಿ ಮಾತ್ರ ಕೂರುತ್ತದೆ.

"ಕಾಲು ತೆಗಿ," ಎಂದ. ಅವಳು ತೆಗೆದಳು. ಇಳಿಯಬೇಕಿದ್ದ ಮೀಟರಿನ ಅಂಕಿ ಪೂರ್ತಿ ಇಳಿಯಲಿಲ್ಲ. ನೋಡುತ್ತಿದ್ದಂತೆ ತಾನಾಗಿ ಮೆಲ್ಲಗೆ ಏರಿತು. ಕೆಂಪು ದೀಪ ಮಿಟುಕಿಸಿತು, ರೊಸೌರಾ ನಿಂತಿತು.

ಸೆವೆರೊಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಲ್ಲೇ ಮಂಡಿಯೂರಿ, ಬ್ಯಾಟರಿ ಬಿಚ್ಚಿ, ಕಾಲಡಿಯ ತಗಡು ಎತ್ತಿದ. ಪೆಡಲನ್ನು ತಾನೇ ಬದಲಾಯಿಸಿದ್ದ, ಅದರಲ್ಲಿ ಏನೂ ಇರಲಾರದು. ಆದರೆ ಪೆಡಲ್ ಸಿಕ್ಕಿಸುವ ಪ್ಲಗ್, ಯಂತ್ರದ ತಂತಿಯ ಕಡೆಯದು, ಹಳೆಯದೇ. ಪೆಡಲ್ ಬದಲಾಯಿಸುವಾಗ ಅದನ್ನು ಕಿತ್ತು ಸಿಕ್ಕಿಸಿದ್ದ, ಆದರೆ ಹೊರಗಿನ ರಬ್ಬರ್ ಟೋಪಿ ಚೊಕ್ಕಟವಾಗಿದೆಯೆಂದು ಒಳಗೆ ಬೆಳಕು ಬಿಟ್ಟು ನೋಡಿರಲೇ ಇಲ್ಲ. ಇಷ್ಟು ವರ್ಷದ ಕಸುಬುದಾರ, ಟೋಪಿ ನೋಡಿ ತಲೆ ನೋಡದೆ ಬಿಟ್ಟಿದ್ದ. ಈಗ ಟೋಪಿ ಸರಿಸಿ ಪ್ಲಗ್ ಎಳೆದ. ಒಣಗಿದ್ದಾಗ ಸಲೀಸಾಗಿ ಬಂದಿದ್ದದ್ದು ಈಗ ಅಂಟಂಟಾಗಿ ಬಂತು. ಒಳಗೆ ಹಿತ್ತಾಳೆಯ ಸಣ್ಣ ಕಡ್ಡಿಗಳ ನಡುವೆ ಹಿಟ್ಟಿನ ಧೂಳು ಕಲಸಿಕೊಂಡು ಕೆಸರಿನಂಥದ್ದು ಕೂತಿತ್ತು. ಒಣಗಿದ್ದಾಗ ಗಟ್ಟಿ, ತೇವ ತಗುಲಿದಾಗ ಕರೆಂಟಿಗೆ ಕಳ್ಳದಾರಿ. ಬೆರಳಿಗೆ ಹತ್ತಿಸಿಕೊಂಡು ಮೂಸಿದ.

ಕಿತ್ತಳೆ ವಾಸನೆ.

ಅವನು ಎದ್ದು ನಿಲ್ಲಲಿಲ್ಲ. ಮಂಡಿಯ ಮೇಲೇ ಕೂತು ಆ ಬೆರಳನ್ನು ನೋಡುತ್ತಿದ್ದ. ಸ್ಪಿರಿಟ್ ಹಾರಿಹೋಗುತ್ತದೆ, ಸಕ್ಕರೆ ಹೋಗುವುದಿಲ್ಲ. ಇದು ಅವನಿಗೆ ಗೊತ್ತಿಲ್ಲದ ವಿಷಯವೇ? ಬಾಟಲಿ ಅವಳ ಕೈಗೆ ಕೊಡುವಾಗ ಅವನ ಕಣ್ಣು ಯಂತ್ರದ ಮೇಲಿರಲಿಲ್ಲ, ಸೆಲೆಡೋನಿಯೊನ ಬಾಯಿಯ ಮೇಲಿತ್ತು.

ಅವನಿಗೆ ಮೊದಲು ಹೊಳೆದದ್ದು ಸುಳ್ಳು. ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿ, ತಂತಿ ಸಡಿಲವಾಗಿತ್ತು ಎಂದುಬಿಟ್ಟರೆ ಯಾರು ಕೇಳುತ್ತಾರೆ? ಆದರೆ ನೆಮೆಸಿಯಾ ಸೀಟಿನಿಂದ ಬಗ್ಗಿ ನೋಡುತ್ತಿದ್ದಳು.

"ಏನು ಸಿಕ್ತು ಮೇಸ್ತ್ರಿ?"

ಅವನು ಬೆರಳು ಮೇಲೆತ್ತಿ ತೋರಿಸಿದ. "ಸೋಡಾ," ಎಂದ. ಅದು ಹೇಗೆ ತಗಡಿನ ಸಂದಿಯಿಂದ ಇಳಿಯಿತು, ಹಿಟ್ಟು ಹೇಗೆ ಸೇರಿತು, ಬೆಳಗಿನ ತೇವಕ್ಕೆ ಏಕೆ ಎಚ್ಚರವಾಗುತ್ತದೆ, ಎಲ್ಲ ಹೇಳಿದ. ಹೇಳಿ ಮುಗಿಸುವಾಗ ಅವನಿಗೆ ಒಂದು ರೀತಿಯ ಹಗುರವೂ ಆಗಿತ್ತು, ಏಕೆಂದರೆ ರೋಗ ಸಿಕ್ಕಿತ್ತು, ಮದ್ದು ಸುಲಭವಾಗಿತ್ತು. "ಒರೆಸಿದ್ರೆ ಮುಗೀತು. ನಿನ್ನ ಸೀಟು ಎಲ್ಲೂ ಹೋಗಲ್ಲಮ್ಮ."

ಅವಳು ಕೆಳಗಿಳಿದು ಅವನ ಎದುರು ನಿಂತಳು.

"ಯಂತ್ರ ನಿಂತಾಗಲೆಲ್ಲ ನಾನು ಏನು ಮಾಡ್ತಿದ್ದೆ ಗೊತ್ತಾ ನಿಮಗೆ? ಕ್ಷಮೆ ಕೇಳ್ತಿದ್ದೆ. ಮಾಡಬಾರದ್ದನ್ನ ಮಾಡ್ದೆ ಅಂತ, ಅದಕ್ಕೇ ಎಲ್ಲರ ಮುಂದೆ ನನ್ನ ನಿಲ್ಲಿಸ್ತಿದ್ದಾನೆ ಅಂತ. ಇವರೆಲ್ಲ ಪಾಚಮಾಮ ಮುನಿಸ್ಕೊಂಡ್ಲು ಅಂದ್ರು. ನಾನು ನಮ್ಮಪ್ಪ ದೇವರು ಮುನಿಸ್ಕೊಂಡ ಅಂದ್ಕೊಂಡೆ. ಸಭೆಯಲ್ಲೂ ಹೇಳ್ಕೊಳ್ಳೋಕೆ ಆಗದೆ ಒಬ್ಬಳೇ ಅತ್ತೆ. ನೀವು ಈಗ ಒಂದು ಬಟ್ಟೆಯಲ್ಲಿ ಒರೆಸ್ತೀನಿ ಅಂತೀರಿ."

"ನಾನು ನಿನಗೆ ಒಳ್ಳೇದಾಗಲಿ ಅಂತಲೇ..."

"ಗೊತ್ತು. ನಾನು ಸೆಲೆಡೋನಿಯೊ ಅಣ್ಣನಿಗೆ ಆಗಲ್ಲ ಅಂತ ಹೇಳಿದ್ದೆ. ಅವರು ಒಪ್ಕೊಂಡ್ರು. ಒಪ್ಕೊಳ್ಳದೆ ಇದ್ದೋರು ನೀವು."

ಸೆವೆರೊಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವನ ಬದುಕಿನಲ್ಲಿ ಬೈದವರು ಬಹಳ ಮಂದಿ, ಬಾಗಿಲು ಹಾಕಿಕೊಂಡವರೂ ಇದ್ದರು. ಇಷ್ಟು ಮೆಲ್ಲಗೆ, ಇಷ್ಟು ಸರಿಯಾಗಿ ಹೇಳಿದವರು ಇರಲಿಲ್ಲ. ತಾನು ಅವಳ ಮೇಲಿನ ಮಮತೆಯಿಂದ ಕೊಟ್ಟ ಬಾಟಲಿ ಅವಳನ್ನು ಇಷ್ಟು ದಿನ ದೇವರ ಮುಂದೆ ಅಪರಾಧಿಯಾಗಿ ನಿಲ್ಲಿಸಿತ್ತು ಎಂದು ತಿಳಿದು ಅವನಿಗೆ ನಾಚಿಕೆಯಾಯಿತು.

"ನಾನೇ ಫ್ರೊಯ್ಲಾನ್‌ಗೆ ಹೇಳ್ತೀನಿ, ತಪ್ಪು ನಂದು ಅಂತ," ಎಂದ.

"ಬೇಡಿ. ಮತ್ತೆ ನನ್ನ ಪರವಾಗಿ ಏನೂ ಸರಿಮಾಡೋಕೆ ಬರಬೇಡಿ. ಸುರಿದದ್ದು ನನ್ನ ಕೈ, ನಾನೇ ಹೇಳ್ತೀನಿ."

ಬೆಳಗಿನ ತಿಂಡಿಯ ಹೊತ್ತಿಗೆ ಎಲ್ಲರೂ ಅಂಗಳದ ಬಿಸಿಲಿಗೆ ಬಂದು ಕೂತು, ನೇರಳೆ ಜೋಳದ ಬಿಸಿ ಆಪಿ ಕುಡಿಯುತ್ತಿದ್ದರು. ತನ್ನ ಪಾಳಿಗೆ ಇನ್ನೂ ಹೊತ್ತಿದ್ದರೂ ಸೆಲೆಡೋನಿಯೊ ಆಪಿಗೆಂದೇ ಬೇಗ ಬಂದಿದ್ದ. ನೆಮೆಸಿಯಾ ಫ್ರೊಯ್ಲಾನನ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. "ರೊಸೌರಾ ನಿಲ್ತಿದ್ದದ್ದು ನಾನು ಸುರಿದ ಸೋಡಾದಿಂದ. ಪ್ಲಗ್ಗಿನೊಳಗೆ ಇಳಿದಿತ್ತು. ಮೇಸ್ತ್ರಿ ಈಗ ತೆಗೆದ್ರು."

ಸೆಲೆಡೋನಿಯೊ ತೊಡೆ ತಟ್ಟಿಕೊಂಡ. "ನಾನು ಬಡ್ಕೊಳ್ಳಲಿಲ್ವಾ? ಅಮ್ಮನಿಗೆ ಸೋಡಾ ಆಗಲ್ಲ ಅಂತ."

"ಅಮ್ಮನಿಗಲ್ಲ ಮಾರಾಯ, ಪ್ಲಗ್ಗಿಗೆ," ಎಂದ ಸೆವೆರೊ.

"ಎರಡೂ ಒಂದೇ. ಕುಡಿಯೋಕೆ ಕೊಡಬಾರದ್ದನ್ನ ಕೊಟ್ರೆ ಯಾರಾದ್ರೂ ಒದೀತಾರೆ."

ನಗು ಎದ್ದಿತು. ಫ್ರೊಯ್ಲಾನ್ ನಗಲಿಲ್ಲ. "ಯಂತ್ರದೊಳಗೆ ಸಕ್ಕರೆ ನೀರು ಸುರಿಯೋ ಡ್ರೈವರನ್ನ ನಾನು ಹ್ಯಾಗಮ್ಮ ಇಟ್ಕೊಳ್ಳಲಿ? ಮೊದಲು ನೀನೇ ಸುರಿಯಲ್ಲ ಅಂದಿದ್ದೆಯಲ್ಲ. ಆಮೇಲೆ ಯಾಕೆ ಸುರಿದೆ?"

"ಎರಡನೇ ಸಲ ಆಗಲ್ಲ ಅನ್ನೋಕೆ ಧೈರ್ಯ ಸಾಲಲಿಲ್ಲ."

ಅವಳು ಸೆವೆರೊನ ಕಡೆ ನೋಡಲಿಲ್ಲ. ಅವನ ನಾಲಿಗೆಯ ಮೇಲೆ ಇಡೀ ಭಾಷಣ ಸಿದ್ಧವಾಗಿತ್ತು. ಅವಳು ಎಷ್ಟು ಒಳ್ಳೆಯ ಡ್ರೈವರ್, ಪೆಟ್ಟಿಗೆಯ ಮೂಲೆಗೂ ಏಟಾಗದಂತೆ ಹೇಗೆ ಎತ್ತುತ್ತಾಳೆ, ಜನ ಅವಳನ್ನು ಹೇಗೆ ಕಾಡಿದರು, ಎಲ್ಲ. ಅವನು ತುಟಿ ಬಿಗಿಹಿಡಿದ.

"ಬಾಟಲಿ ಕೈಗೆ ಕೊಟ್ಟೋರು ಯಾರು?" ಎಂದು ಫ್ರೊಯ್ಲಾನ್ ಕೇಳಿದ.

ಅವಳು ಲಾರಿಯ ಕಡೆ ನೋಡಿದಳು.

"ನಾನು," ಎಂದ ಸೆವೆರೊ. ಅದು ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅದರ ಹಿಂದೆ ಇನ್ನೊಂದು ಮಾತು ಸೇರಿಸದೆ ನಿಂತದ್ದು ಅವನಿಗೆ ಬೆವರು ತರಿಸಿತು.

ಫ್ರೊಯ್ಲಾನ್ ಅವನನ್ನೂ ಅವಳನ್ನೂ ನೋಡಿ ಆಪಿಯ ಲೋಟ ಕೆಳಗಿಟ್ಟ. "ಹಾಗಾದ್ರೆ ಪ್ಯಾಕಿಂಗ್ ಮೇಜಿಗೆ ಕಳಿಸ್ಬೇಕಾದ್ದು ಮೇಸ್ತ್ರೀನ. ಆದ್ರೆ ಅವರು ಕಟ್ಟಿದ ಪೊಟ್ಟಣ ಯಾರು ಕೊಳ್ತಾರೆ?" ಈ ಸಲ ಅವನೂ ನಕ್ಕ. "ಇನ್ಮೇಲೆ ಯಾರೇ ಆಗಲಿ ಕೊಡೋದನ್ನ ನೆಲಕ್ಕೆ ಕೊಡಿ. ಅಮ್ಮ ಇರೋದು ಅಲ್ಲಿ, ಸೀಟಿನ ಕೆಳಗಲ್ಲ. ನೆಮೆಸಿಯಾ, ಲಾರಿ ಕಾಯ್ತಿದೆ, ಹೋಗು."

ಅವಳು ಹೋದಳು. ರೊಸೌರಾ ಅವತ್ತು ಮತ್ತೆ ನಿಲ್ಲಲಿಲ್ಲ, ಮರುದಿನವೂ ನಿಲ್ಲಲಿಲ್ಲ. ಪವಿತ್ರ ವಾರ ಕಳೆದ ಮೇಲೂ ಬೆಳಗಿನ ಪಾಳಿ ನೆಮೆಸಿಯಾಳದೇ ಆಗಿ ಉಳಿಯಿತು. ಸೆವೆರೊಗೆ ಕೆಲದಿನ ಸೋಡಾ ಪಾದ್ರಿ ಎಂಬ ಹೆಸರು ಬಂತು, ಅದನ್ನು ಅವನು ತಲೆ ತಗ್ಗಿಸಿ ಹೊತ್ತುಕೊಂಡ.

ಆದರೆ ನೆಮೆಸಿಯಾ ಬುತ್ತಿ ತೆಗೆದುಕೊಂಡು ವರ್ಕ್‌ಶಾಪಿಗೆ ಬರುವುದನ್ನು ನಿಲ್ಲಿಸಿದಳು. ಮಾತು ಬಿಟ್ಟಿರಲಿಲ್ಲ. ಎದುರಾದರೆ ನಮಸ್ಕಾರ, ಯಂತ್ರದ ವಿಷಯವಿದ್ದರೆ ಯಂತ್ರದ ಮಾತು. ಊಟಕ್ಕೆ ಮಾತ್ರ ಪ್ಯಾಕಿಂಗ್‌ನ ಹೆಂಗಸರ ಜೊತೆ ಕೂರುತ್ತಿದ್ದಳು. ಸೆವೆರೊಗೆ ಇದು ಗಂಟಲಿಗೆ ಸಿಕ್ಕಿದ ಮುಳ್ಳಾಯಿತು. ಏನಾದರೂ ತೆಗೆದುಕೊಂಡು ಹೋಗಿ ಕೊಡಲೇ, ಮಕ್ಕಳಿಗೆ ಬೂಟು ಕೊಡಿಸಲೇ, ಅವಳ ಸಭೆಯ ಪಾದ್ರಿಯ ಹತ್ತಿರ ಮಾತಾಡಿ ಅವಳ ಮನಸ್ಸಿನ ಭಾರ ಇಳಿಸಲೇ ಎಂದು ಯೋಚಿಸಿದ. ಒಂದು ಭಾನುವಾರ ಟೋಪಿ ಹಾಕಿಕೊಂಡು ಸೆಂಕಾಟಾಗೆ ಹೊರಟೂ ನಿಂತಿದ್ದ. ಹಸಿಂತಾ ಬಾಗಿಲಲ್ಲಿ ಅಡ್ಡ ನಿಂತು, "ಎಲ್ಲಿಗೆ?" ಅಂದಳು. ಅವನು ಹೇಳಿದ. ಅವಳು ಬೈಯಲಿಲ್ಲ. ಟೋಪಿ ತೆಗೆದು ಮೊಳೆಗೆ ನೇತುಹಾಕಿ, ಆಲೂಗಡ್ಡೆ ಸುಲಿಯಲು ಅವನ ಕೈಗೆ ಚಾಕು ಕೊಟ್ಟಳು.

ಮಳೆ ಹೋಗಿ ಚಳಿ ಬಂತು, ಚಳಿ ಹೋಗಿ ಮತ್ತೆ ಮಳೆ ಬಂತು. ಕಾರ್ನಿವಲ್ ಮುಂಚಿನ ಶುಕ್ರವಾರ ಅಂಗಳದಲ್ಲಿ ಮತ್ತೆ ಬ್ಯಾಂಡು ಕೂತಿತು. ಈ ಸಲ ಎಲ್ಲರೂ ನೆಲಕ್ಕೇ ಸುರಿಯುತ್ತಿದ್ದರು. ಸೆಲೆಡೋನಿಯೊ ಸುರಿದದ್ದಕ್ಕಿಂತ ಕುಡಿದದ್ದೇ ಹೆಚ್ಚು. ನೆಮೆಸಿಯಾ ರೊಸೌರಾಳ ಪಕ್ಕದಲ್ಲಿ ನಿಂತಿದ್ದಳು, ಕಾರ್ಖಾನೆಯವರು ಯಾರೂ ಅವಳನ್ನು ಕೇಳಲಿಲ್ಲ. ಕೇಳಿದವನು ಹೊರಗಿನವನು, ಕೊಚಬಾಂಬಾ ಕಡೆಯ ಒಬ್ಬ ಲಾರಿ ಡ್ರೈವರ್, ಆಗಲೇ ಕಣ್ಣು ಕೆಂಪಾಗಿದ್ದವನು. ಅವಳ ಮುಂದೆ ಬಿಯರ್ ಬಾಟಲಿ ಹಿಡಿದ.

"ನಿನ್ನ ಯಂತ್ರ ಅಲ್ವೇನಮ್ಮ? ಎರಡು ಹನಿ ಹಾಕು."

"ನಾನು ಹಾಕಲ್ಲ ಅಣ್ಣ."

"ಎರಡೇ ಹನಿ. ಅಮ್ಮನಿಗೆ ಇಲ್ಲ ಅಂತೀಯಾ?"

"ಹಾಕಲ್ಲ ಅಂದ್ನಲ್ಲ."

ಡ್ರೈವರ್ ಮುಖ ಗಂಟಿಕ್ಕಿದ. ಬ್ಯಾಂಡಿನವರೂ ಬಾರಿಸುವುದನ್ನು ಬಿಟ್ಟು ಈ ಕಡೆ ತಿರುಗಿದರು. ಸೆವೆರೊ ಹತ್ತಿರದಲ್ಲೇ ಸ್ಪಿರಿಟಿನ ಬಾಟಲಿ ಹಿಡಿದು ನಿಂತಿದ್ದ. ಅವನ ಕಾಲು ಆಗಲೇ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅವಳ ಪಾಲಿಂದು ನಾನು ಹಾಕ್ತೀನಿ ಬಿಡಪ್ಪ, ಎಂಬ ಮಾತು ಬಾಯಲ್ಲಿ ಬಂದು ಕೂತಿತ್ತು. ಆ ಒಂದು ಮಾತಿಗೆ ಡ್ರೈವರ್ ನಗುತ್ತಿದ್ದ, ಬ್ಯಾಂಡು ಮುಂದುವರಿಯುತ್ತಿತ್ತು, ಎಲ್ಲವೂ ಸರಿಹೋಗುತ್ತಿತ್ತು. ಅವನು ಅವಳ ಮುಖ ನೋಡಿದ. ಅದರಲ್ಲಿ ಸರಿಮಾಡಬೇಕಾದದ್ದು ಏನೂ ಇರಲಿಲ್ಲ. ಹೆದರಿಕೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ.

ಡ್ರೈವರ್ ಇನ್ನಷ್ಟು ಹೊತ್ತು ನಿಂತ. ಯಾರೂ ತನ್ನ ಪರವಾಗಿಯೂ ಮಾತಾಡಲಿಲ್ಲ, ಅವಳ ಪರವಾಗಿಯೂ ಮಾತಾಡಲಿಲ್ಲ ಎಂಬುದನ್ನು ಕಂಡು, ಬಾಟಲಿಯನ್ನು ತಾನೇ ಎತ್ತಿ ಕುಡಿದು ಬೇರೆ ಕಡೆ ಹೋದ. ಸೆವೆರೊ ಬಗ್ಗಿ ತನ್ನ ಪಾಲಿನ ಸ್ಪಿರಿಟನ್ನು ಮಣ್ಣಿಗೆ ಸುರಿದ. ಒಂದಿಷ್ಟು ಬೂಟಿನ ಮೇಲೂ ಬಿತ್ತು.

"ಮೇಸ್ತ್ರಿ," ಎಂದು ನೆಮೆಸಿಯಾ ಕರೆದಳು. ಅವಳು ರೊಸೌರಾಳ ಸೀಟಿನಿಂದ ಬುತ್ತಿಯ ಗಂಟು ತೆಗೆದುಕೊಂಡು ವರ್ಕ್‌ಶಾಪಿನ ಕಡೆ ಹೊರಟಿದ್ದಳು. "ಬನ್ನಿ ಊಟಕ್ಕೆ, ಆರಿಹೋಗ್ತಿದೆ."